ಪಾರ್ಕಿನ್ಸನ್ ಕಾಯಿಲೆ: ಮೈಗೂ ಮನಸ್ಸಿಗೂ ಕೂಡಿಯೇ ವ್ಯಾಯಾಮ

ನಿಮ್ಮ ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹಿರಿಯರಿದ್ದರೆ ಒಂದು ಸಂಗತಿ ಗಮನಿಸಿರಬಹುದು. ಸುಮ್ಮನೆ ನಡೆಯುವಾಗ ಹೆಜ್ಜೆ ಸರಿಯಾಗಿಯೇ ಇರುತ್ತದೆ. ಯಾರಾದರೂ ‘ಊಟ ಆಯಿತೇ?’ ಎಂದು ಕೇಳಿದೊಡನೆ ಕಾಲು ತಡವರಿಸುತ್ತದೆ. ಇದು ಸೋಮಾರಿತನವಲ್ಲ, ಗದರಬೇಡಿ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ, ಮಿದುಳಿನ ಆಳದಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ನಡುಕ, ಮೈಬಿಗಿತ, ನಿಧಾನಗತಿ ಇದರ ಮುಖ್ಯ ಲಕ್ಷಣಗಳು. ಆರೋಗ್ಯವಂತರ ನಡಿಗೆ ತಾನಾಗಿಯೇ ಸಾಗುತ್ತದೆ. ಈ ರೋಗಿಗಳಾದರೋ ಹೆಜ್ಜೆಹೆಜ್ಜೆಗೂ ಗಮನ ಕೊಡಬೇಕು. ಆ ಗಮನ ಮಾತಿನತ್ತ ಹರಿದರೆ ನಡಿಗೆ ಕೆಡುತ್ತದೆ. ಬಿದ್ದು ಮೂಳೆ ಮುರಿಯುವ ಅಪಾಯವೂ ಉಂಟು.

ಹಾಗಾಗಿ ಒಮ್ಮೆಗೆ ಎರಡು ಕೆಲಸ ಬೇಡವೆಂದೇ ಹಿಂದೆ ಹೇಳಲಾಗುತ್ತಿತ್ತು. ಆದರೆ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ಗಳ 121 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ಭರವಸೆ ಮೂಡಿಸಿತು. ಆರು ವಾರಗಳ ತರಬೇತಿಯ ಬಳಿಕ, ಯೋಚಿಸುತ್ತ ನಡೆಯುವಾಗಿನ ವೇಗ ಹೆಚ್ಚಿತು. ಬೀಳುವ ಅಪಾಯ ಹೆಚ್ಚಲಿಲ್ಲ. ನಡಿಗೆ ಮತ್ತು ಯೋಚನೆಯನ್ನು ಬೇರೆಬೇರೆಯಾಗಿ ಅಭ್ಯಾಸ ಮಾಡಿದವರಿಗೂ ಕೂಡಿಸಿ ಮಾಡಿದವರಿಗೂ ಸಮಾನ ಲಾಭ ದೊರೆಯಿತು.

ಮನೆಯಲ್ಲಿ ಹೀಗೆ ಮಾಡಿಸಬಹುದು:

* ಮೊದಲು ನಡಿಗೆಯೊಂದೇ. ಹಿಮ್ಮಡಿ ಮೊದಲು ಊರಿ, ಕೈ ಬೀಸಿ, ದೊಡ್ಡ ಹೆಜ್ಜೆ ಇಡಲಿ.

* ಕುಳಿತಾಗ ಮಗ್ಗಿ ಹೇಳಲಿ, ‘ಕ’ ಅಕ್ಷರದಿಂದ ಶುರುವಾಗುವ ಊರುಗಳನ್ನು ಹೆಸರಿಸಲಿ.

* ಇವೆರಡೂ ಹಿಡಿತಕ್ಕೆ ಬಂದ ಮೇಲೆ ನಡೆಯುತ್ತ ತರಕಾರಿಗಳ ಹೆಸರು ಹೇಳಲಿ. 100ರಿಂದ ಮೂರು ಮೂರು ಕಳೆಯುತ್ತ ಬರಲಿ. ಮನೆಯವರೊಬ್ಬರು ಪಕ್ಕದಲ್ಲೇ ಇರಬೇಕು.

* ಹೆಜ್ಜೆ ಚಿಕ್ಕದಾದರೆ ಲೆಕ್ಕ ನಿಲ್ಲಿಸಿ, ನಡಿಗೆಯತ್ತ ಗಮನ ಕೊಡಲಿ.

ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತೇ ಇದಕ್ಕೆ ಸೂಕ್ತ. ಒದ್ದೆ ನೆಲ, ಜಾರುವ ಚಪ್ಪಲಿ, ಕಾಲಿಗೆ ಸಿಕ್ಕುವ ಚಾಪೆ ಬೇಡ. ಬಾಗಿಲು ದಾಟುವಾಗ, ತಿರುಗುವಾಗ, ರಸ್ತೆಯಲ್ಲಿ ಈ ಅಭ್ಯಾಸ ಕೂಡದು. ಕಾಲು ನೆಲಕ್ಕಂಟಿದಂತೆ ಆಗುವವರು, ಈಗಾಗಲೇ ಬಿದ್ದಿರುವವರು, ಮರೆವು ಹೆಚ್ಚಾಗಿರುವವರು ಫಿಸಿಯೋಥೆರಪಿಸ್ಟರ ಸಮ್ಮುಖದಲ್ಲಷ್ಟೇ ಮಾಡಬೇಕು. ಹೃದ್ರೋಗ, ನಿಂತಾಗ ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಲಿ.

ವ್ಯಾಯಾಮದಿಂದ ಕಾಯಿಲೆ ಗುಣವಾಗದು, ಮಾತ್ರೆಗಳನ್ನೂ ಬಿಡುವಂತಿಲ್ಲ. ಆದರೆ ಬೀಳುವ ಭಯದಿಂದ ಕುರ್ಚಿ ಹಿಡಿದು ಕುಳಿತವರ ಶಕ್ತಿ ಬೇಗ ಕುಗ್ಗುತ್ತದೆ. ಸಂಜೆ ಅರ್ಧ ಗಂಟೆ ನೀವೂ ಅವರೊಡನೆ ಹೆಜ್ಜೆ ಹಾಕಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಅವಸರಿಸಬೇಡಿ.