ಹುಬ್ಬಳ್ಳಿಗೂ ಮಂಗಳೂರಿಗೂ ಎಷ್ಟು ದೂರ?

ಈ ಪ್ರಶ್ನೆಯು ಬಾಲಕರ ಭೂಗೋಲ ಪರೀಕ್ಷೆಗೆ ತಕ್ಕುದೆಂದು ವಾಚಕರು ನಗಬಹುದು. ಆದರೆ ಇದಕ್ಕೆ ಒಂದಲ್ಲ, ಮೂರು ಉತ್ತರಗಳುಂಟು. ಆ ಮೂರರೊಳಗಿನ ಅಂತರವೇ ನಮ್ಮ ಇಂದಿನ ವಿಚಾರ.

ಹುಬ್ಬಳ್ಳಿಯ ವಿಮಾನನಿಲ್ದಾಣದಿಂದ ಮಂಗಳೂರಿನ ಬಜಪೆಯ ನಿಲ್ದಾಣಕ್ಕೆ ಗಗನದಲ್ಲಿ ನೇರ ಗೆರೆಯೆಳೆದರೆ ಅದು ಸುಮಾರು 265 ಕಿಲೋಮೀಟರು. ಯಲ್ಲಾಪುರವನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯಿಂದ ಕಡಲಂಚನ್ನು ಹಿಡಿದು ಹೋಗುವ ರಸ್ತೆಯು ಸುಮಾರು 350 ಕಿಲೋಮೀಟರು. ನೇರ ವಿಮಾನವಿಲ್ಲದ ದಿನ ಪ್ರಯಾಣಿಕನು ಬೆಂಗಳೂರನ್ನು ಬಳಸಿ ಹಾರಬೇಕು; ಆಗ ಮೊದಲು ಸುಮಾರು 370, ಬಳಿಕ ಸುಮಾರು 305, ಒಟ್ಟು 675 ಕಿಲೋಮೀಟರು. ನೇರ ದೂರದ ಎರಡೂವರೆ ಪಾಲು!

ಕಾಲದ ಲೆಕ್ಕವು ಇನ್ನೂ ವಿಚಿತ್ರವಾದುದು. ಸಣ್ಣ ಊರುಗಳ ನಡುವೆ ಹಾರುವ ಪಂಖದ ವಿಮಾನವು ಗಂಟೆಗೆ ಸುಮಾರು 500 ಕಿಲೋಮೀಟರು ಸಾಗಬಲ್ಲುದು. ಆ ವೇಗದಲ್ಲಿ 265 ಕಿಲೋಮೀಟರಿಗೆ ಅರ್ಧ ಗಂಟೆಗಿಂತ ತುಸು ಹೆಚ್ಚು ಸಾಕು. ನೆಲದ ಮೇಲಿನ ಓಟ, ಮೇಲೇರುವುದು, ಸರದಿ ಕಾಯ್ದು ಇಳಿಯುವುದು ಇವನ್ನೆಲ್ಲ ಕೂಡಿಸಿದರೂ ಸುಮಾರು ಒಂದು ಗಂಟೆ. ಆದರೆ ಬೆಂಗಳೂರನ್ನು ಬಳಸಿದರೆ ಎರಡು ಹಾರಾಟ, ಮುಂಚಿತವಾಗಿ ನಿಲ್ದಾಣ ಸೇರುವ ಹೊತ್ತು, ನಡುವೆ ಕಾಯುವ ಹೊತ್ತು. ಇವೆಲ್ಲ ಸೇರಿ ಐದಾರು ಗಂಟೆ ಮೀರುವುದು ಸಹಜ. ಮೋಟಾರಿನಲ್ಲಿ ಹೊರಟವನೂ ಅಷ್ಟರಲ್ಲಿ ಮಂಗಳೂರನ್ನು ಸಮೀಪಿಸಿರುತ್ತಾನೆ. ಹೆಚ್ಚು ಹಣ ತೆತ್ತು ಅದೇ ಹೊತ್ತಿಗೆ ತಲುಪುವುದಾದರೆ ವಿಮಾನದ ವೇಗದಿಂದ ಫಲವೇನು?

ರಸ್ತೆಯಿರುವಾಗ ವಿಮಾನವೇಕೆಂದು ಕೇಳುವವರುಂಟು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜನರು ಪ್ರಾಣ ತೆತ್ತುದನ್ನೂ, ಹೆದ್ದಾರಿಯು ಮುಚ್ಚಿಹೋದುದನ್ನೂ ಅವರು ನೆನೆಯಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುವುದೆಂಬ ಮಾತನ್ನು ನಾಡು ದಶಕಗಳಿಂದ ಕೇಳುತ್ತಲೇ ಇದೆ. ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಿಗೆ ಹೊರಟ ರೋಗಿಗೆ ಮಳೆಗಾಲದ ಘಟ್ಟವು ಸಣ್ಣ ಸಂಕಟವಲ್ಲ.

ಪ್ರಾದೇಶಿಕ ವಿಮಾನಗಳಿಗಾಗಿ ಕೇಂದ್ರ ಸರಕಾರದ 'ಉಡಾನ್' ಯೋಜನೆಯಿದೆ. ಅದರ ಮೊದಲ ವಿಮಾನವು 2017ರ ಏಪ್ರಿಲಿನಲ್ಲಿ ಶಿಮ್ಲೆಯಿಂದ ದಿಲ್ಲಿಗೆ ಹಾರಿತು. ನಷ್ಟ ತುಂಬಿಕೊಡಲು ಮೂರು ವರ್ಷಗಳ ಸಹಾಯಧನವೂ ಉಂಟು. ಆದರೆ ಲೆಕ್ಕಪರಿಶೋಧಕರ 2023ರ ವರದಿಯನ್ನು ನೋಡಿರಿ: ಮಂಜೂರಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ, ಸಹಾಯದ ಅವಧಿ ಮುಗಿದ ಮೇಲೂ ಉಳಿದವು 54 ಮಾತ್ರ. ಉದ್ಘಾಟನೆಗೆ ದೊರೆಯುವ ಉತ್ಸಾಹವು ನಿರ್ವಹಣೆಗೆ ದೊರೆಯದಿದ್ದರೆ ಹೀಗಾಗದೆ ಮತ್ತೇನು?

1956ಕ್ಕೆ ಮುನ್ನ ಹುಬ್ಬಳ್ಳಿಯು ಮುಂಬಯಿಗೂ ಮಂಗಳೂರು ಮದರಾಸಿಗೂ ಸೇರಿದ್ದವು. ಅಂದು ಒಂದೊಂದು ಊರೂ ತನ್ನ ದೂರದ ರಾಜಧಾನಿಯತ್ತ ಮುಖಮಾಡಿತ್ತು. ನಾಡು ಒಂದಾದ ಮೇಲೂ ನೆರೆಯ ಊರನ್ನು ಕಾಣಲು ರಾಜಧಾನಿಯನ್ನು ಸುತ್ತಿ ಬರಬೇಕಾದರೆ ಏಕೀಕರಣದ ಕಾರ್ಯವು ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು. ಬೆಂಗಳೂರಿನ ಏಳಿಗೆಯಲ್ಲಿ ನಮಗೆ ಅಸೂಯೆಯಿಲ್ಲ. ಅದೇ ಏಕೈಕ ಹೆಬ್ಬಾಗಿಲಾಗುವುದನ್ನು ಮಾತ್ರ ನಾವು ಒಪ್ಪಲಾರೆವು.

ಆದುದರಿಂದ ರಾಜ್ಯ ಸರಕಾರವನ್ನು ನಾವು ಕೇಳುವುದಿಷ್ಟೆ: ವಾರಕ್ಕೆ ಕೆಲವೇ ದಿನಗಳಾಗಲಿ, ಸಣ್ಣ ವಿಮಾನವೇ ಆಗಲಿ, ನೇರ ಸಂಚಾರವು ನಿಶ್ಚಿತ ವೇಳೆಯಲ್ಲಿ ನಡೆಯಲಿ; ಅದು ಬೇರೂರುವ ತನಕ ನಷ್ಟದಲ್ಲಿ ಸರಕಾರವು ಪಾಲುಗೊಳ್ಳಲಿ. 265 ಕಿಲೋಮೀಟರನ್ನು 675 ಮಾಡಿದ್ದು ಪ್ರಕೃತಿಯಲ್ಲ, ನಮ್ಮ ವ್ಯವಸ್ಥೆ. ಅದನ್ನು ತಿದ್ದುವುದೂ ನಮ್ಮ ಕೈಯಲ್ಲಿಯೇ ಇದೆ.