ಹಾಳಾದ ವಾಲೆಟ್ ಕಡತದಲ್ಲಿ ಉಳಿಯುವುದೇನು?

ಬಿಟ್‌ಕಾಯಿನ್ ವ್ಯವಸ್ಥೆಯಲ್ಲಿ ಯಾವ ವಿಳಾಸಕ್ಕೆ ಎಷ್ಟು ಮೊತ್ತ ಸಲ್ಲುತ್ತದೆ ಎಂಬ ಲೆಕ್ಕವು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಡ್ಜರಿನಲ್ಲಿ ದಾಖಲಾಗುತ್ತದೆ ಮತ್ತು ಆ ಲೆಡ್ಜರಿನ ಪೂರ್ಣ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತವೆ. ಬಳಕೆದಾರನ ಕಂಪ್ಯೂಟರಿನಲ್ಲಿರುವ ವಾಲೆಟ್ ಕಡತವು ಹಣವನ್ನು ಇಟ್ಟುಕೊಂಡಿರುವುದಿಲ್ಲ; ತನ್ನ ವಿಳಾಸದಿಂದ ಹಣವನ್ನು ಬೇರೆಡೆಗೆ ವರ್ಗಾಯಿಸಲು ಬೇಕಾದ ಡಿಜಿಟಲ್ ಸಹಿ ಹಾಕುವ ರಹಸ್ಯ ಸಂಖ್ಯೆಯನ್ನಷ್ಟೇ ಇಟ್ಟುಕೊಂಡಿರುತ್ತದೆ. ಖಾಸಗಿ ಕೀಲಿ ಎಂದು ಕರೆಯಲಾಗುವ ಈ ಸಂಖ್ಯೆಯ ಉದ್ದ 256 ಬಿಟ್, ಎಂದರೆ 32 ಬೈಟ್. ಕಡತದಲ್ಲಿ ಬೇರೆಲ್ಲವೂ ನಾಶವಾಗಿ ಈ 32 ಬೈಟ್‌ಗಳು ಮಾತ್ರ ಉಳಿದರೂ ಹಣ ಕೈಸೇರುತ್ತದೆ. ಬೇರೆಲ್ಲವೂ ಸುಸ್ಥಿತಿಯಲ್ಲಿದ್ದು ಇವು ಮಾತ್ರ ಅಳಿಸಿಹೋದರೆ ಹಣವು ಲೆಡ್ಜರಿನಲ್ಲಿ ಎಲ್ಲರಿಗೂ ಕಾಣುತ್ತಿದ್ದರೂ ಯಾರ ಕೈಗೂ ಸಿಗದು. ಹಾಳಾದ ವಾಲೆಟ್ ಕಡತದಿಂದ ಹಣವನ್ನು ಮರಳಿ ಪಡೆಯುವ ವಿಧಾನಗಳೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿವೆ: ಕಡತದ ರಚನೆ ಕೆಡುವುದು ಬೇರೆ, ಅದರೊಳಗಿನ ಕೀಲಿ ಕೆಡುವುದು ಬೇರೆ.

ವಿನಿಮಯ ಸಂಸ್ಥೆಗಳ ಆ್ಯಪ್‌ಗಳ ಮೂಲಕ ಕ್ರಿಪ್ಟೋ ಕೊಂಡು ಅದನ್ನು ಅಲ್ಲಿಯೇ ಬಿಟ್ಟವರಿಗೆ ಈ ಸಮಸ್ಯೆ ಎದುರಾಗುವುದಿಲ್ಲ, ಏಕೆಂದರೆ ಅಲ್ಲಿ ಕೀಲಿಗಳು ಸಂಸ್ಥೆಯ ವಶದಲ್ಲಿರುತ್ತವೆ. ತಮ್ಮ ಕೀಲಿಯನ್ನು ತಾವೇ ಕಾಯ್ದುಕೊಂಡವರಿಗೆ, ಅದರಲ್ಲೂ ಬಿಟ್‌ಕಾಯಿನ್ನಿನ ಆರಂಭದ ವರ್ಷಗಳಲ್ಲಿ ತಮ್ಮ ಕಂಪ್ಯೂಟರಿನಲ್ಲೇ ನಾಣ್ಯಗಳನ್ನು ಗಳಿಸಿ, ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಮರೆತು ಬಿಟ್ಟವರಿಗೆ ಇದು ದೊಡ್ಡ ಪ್ರಶ್ನೆ.

ಕಡತದ ಒಳರಚನೆ

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2009ರ ಜನವರಿಯಲ್ಲಿ ಬಿಡುಗಡೆಯಾದ, ಮುಂದೆ ಬಿಟ್‌ಕಾಯಿನ್ ಕೋರ್ ಎಂದು ಕರೆಸಿಕೊಂಡ ತಂತ್ರಾಂಶವು ಕೀಲಿಗಳನ್ನು 'ವಾಲೆಟ್ ಡಾಟ್ ಡ್ಯಾಟ್' ಎಂಬ ಕಡತದಲ್ಲಿ ಇರಿಸುತ್ತಿತ್ತು. ಈ ಕಡತವು ಬರ್ಕ್ಲಿ ಡಿಬಿ ಎಂಬ ದತ್ತಸಂಚಯ ವ್ಯವಸ್ಥೆಯ ರೂಪದಲ್ಲಿದ್ದು, ಸಾಮಾನ್ಯವಾಗಿ ತಲಾ 4096 ಬೈಟ್‌ಗಳ ಪುಟಗಳಾಗಿ ವಿಂಗಡಣೆಯಾಗಿರುತ್ತದೆ. ಪ್ರತಿ ಪುಟದಲ್ಲಿ ಹಲವು ದಾಖಲೆಗಳಿದ್ದು, ಒಂದೊಂದು ದಾಖಲೆಗೂ ಅದರ ಬಗೆಯನ್ನು ಸೂಚಿಸುವ ಚಿಕ್ಕ ಹೆಸರಿರುತ್ತದೆ. ಪಾಸ್‌ವರ್ಡ್ ಇಲ್ಲದ ಕೀಲಿಗೆ 'ಕೀ', ಪಾಸ್‌ವರ್ಡ್‌ನಿಂದ ರಕ್ಷಿತವಾದ ಕೀಲಿಗೆ 'ಸಿಕೀ', ಆ ರಕ್ಷಣೆಯ ಮೂಲ ಕೀಲಿಗೆ 'ಎಂಕೀ', ವ್ಯವಹಾರಗಳಿಗೆ 'ಟಿಎಕ್ಸ್' ಎಂಬ ಹೆಸರುಗಳಿವೆ. ಯಾವ ದಾಖಲೆ ಯಾವ ಪುಟದಲ್ಲಿದೆ ಎಂಬುದನ್ನು ಸೂಚಿಸುವ ಕೊಂಡಿಗಳ ವ್ಯವಸ್ಥೆಯೊಂದು ಪುಸ್ತಕದ ಪರಿವಿಡಿಯಂತೆ ಇವೆಲ್ಲವನ್ನೂ ಹಿಡಿದಿಡುತ್ತದೆ. ಕಡತದ ತಲೆಭಾಗದಲ್ಲಿ 12 ಬೈಟ್‌ಗಳಾದ ಮೇಲೆ ಬರುವ 62 31 05 00 ಎಂಬ ನಾಲ್ಕು ಬೈಟ್‌ಗಳು ಇದು ಬರ್ಕ್ಲಿ ಡಿಬಿ ಕಡತವೆಂದು ತೋರಿಸುವ ಗುರುತು. ಈಚಿನ ಆವೃತ್ತಿಗಳು ಎಸ್‌ಕ್ಯುಲೈಟ್ ಎಂಬ ಬೇರೆ ವ್ಯವಸ್ಥೆಯನ್ನು ಬಳಸುತ್ತವೆಯಾದರೂ ಕಳೆದುಹೋದ ಹಳೆಯ ಬಿಟ್‌ಕಾಯಿನ್‌ಗಳ ಹುಡುಕಾಟದಲ್ಲಿ ಎದುರಾಗುವುದು ಹೆಚ್ಚಾಗಿ ಈ ಹಳೆಯ ರೂಪವೇ.

ಈ ರಚನೆ ಕೆಡಲು ಕಾರಣಗಳು ಹಲವು. ತಂತ್ರಾಂಶವು ಪುಟವೊಂದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಗಬಹುದು, ಡಿಸ್ಕಿನ ಒಂದು ಭಾಗ ಸವೆದು ಓದಲಾಗದಂತಾಗಬಹುದು, ಪೆನ್‌ಡ್ರೈವನ್ನು ಅವಸರದಲ್ಲಿ ಕಿತ್ತುಬಿಟ್ಟಿರಬಹುದು. ಸುಲಭವಾಗಿ ಗಮನಕ್ಕೆ ಬಾರದ ಕಾರಣವೆಂದರೆ ತಂತ್ರಾಂಶ ಚಾಲನೆಯಲ್ಲಿರುವಾಗಲೇ ಕಡತವನ್ನು ಕಾಪಿ ಮಾಡುವುದು. ಬರ್ಕ್ಲಿ ಡಿಬಿಯು ಇತ್ತೀಚಿನ ಬದಲಾವಣೆಗಳನ್ನು ಮೊದಲು ಪಕ್ಕದ ಫೋಲ್ಡರಿನಲ್ಲಿರುವ ಲಾಗ್ ಕಡತಗಳಿಗೆ ಬರೆದು, ಆಮೇಲೆ ಮೂಲ ಕಡತಕ್ಕೆ ಸೇರಿಸುವುದರಿಂದ, ನಡುವೆ ತೆಗೆದ ಪ್ರತಿಯಲ್ಲಿ ಹೊಸ ಕೀಲಿಗಳು ಇರದೇ ಹೋಗಬಹುದು. ಹೀಗಾದಾಗ ಉತ್ತರವು ವಾಲೆಟ್ ಕಡತದಲ್ಲಿರದೆ ಆ ಲಾಗ್ ಕಡತಗಳಲ್ಲಿ ಇರುವ ಸಾಧ್ಯತೆಯಿರುವುದರಿಂದ ಹಳೆಯ ಕಂಪ್ಯೂಟರಿನ ಇಡೀ ಫೋಲ್ಡರನ್ನು ಉಳಿಸಿಕೊಳ್ಳುವುದು ಲೇಸು.

ಮುಟ್ಟುವ ಮುನ್ನ

ಕಡತ ಹಾಳಾಗಿದೆ ಎಂದು ತಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಆ ಡಿಸ್ಕಿಗೆ ಏನನ್ನೂ ಬರೆಯದಿರುವುದು. ಹಾರ್ಡ್ ಡಿಸ್ಕಿನಲ್ಲಿ ಕಡತವೊಂದನ್ನು ಅಳಿಸಿದಾಗ ಅಳಿಯುವುದು ಅದರ ಜಾಗದ ಸೂಚನೆ ಮಾತ್ರ. ಒಳಗಿನ ಬೈಟ್‌ಗಳು ಬೇರೇನಾದರೂ ಅವುಗಳ ಮೇಲೆ ಬರೆಯಲ್ಪಡುವವರೆಗೆ ಅಲ್ಲಿಯೇ ಇರುತ್ತವೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕುಗಳಲ್ಲಿ ಈ ಅವಕಾಶ ಕಡಿಮೆ, ಏಕೆಂದರೆ ಅಳಿಸಿದ ಕಡತದ ಜಾಗ ಖಾಲಿಯಾಗಿದೆ ಎಂದು ಆಪರೇಟಿಂಗ್ ಸಿಸ್ಟಮ್ ಡಿಸ್ಕಿಗೆ ತಿಳಿಸುವ ಟ್ರಿಮ್ ಎಂಬ ಏರ್ಪಾಡಿನಿಂದಾಗಿ ಡಿಸ್ಕು ತಾನಾಗಿಯೇ ಆ ಭಾಗವನ್ನು ಒರೆಸಿಹಾಕುತ್ತದೆ. ಆದ್ದರಿಂದ ಪರಿಣತರು ಮೊದಲು ಡಿಡಿರೆಸ್ಕ್ಯೂನಂತಹ ಸಾಧನದಿಂದ ಇಡೀ ಡಿಸ್ಕಿನ ಬೈಟ್ ಬೈಟಿಗೂ ಸರಿಹೊಂದುವ ಪ್ರತಿಯನ್ನು ತೆಗೆದುಕೊಂಡು, ಮೂಲ ಡಿಸ್ಕನ್ನು ಪಕ್ಕಕ್ಕಿಟ್ಟು, ಮುಂದಿನ ಪ್ರಯೋಗಗಳನ್ನೆಲ್ಲ ಪ್ರತಿಯ ಪ್ರತಿಯ ಮೇಲೆ ನಡೆಸುತ್ತಾರೆ. ಈ ಸಾಧನವು ಓದಲು ಸುಲಭವಾದ ಭಾಗಗಳನ್ನು ಮೊದಲು ಮುಗಿಸಿ, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮತ್ತೆ ಮತ್ತೆ ಮರಳುವುದರಿಂದ ಸಾಯುತ್ತಿರುವ ಡಿಸ್ಕಿನಿಂದಲೂ ಹೆಚ್ಚಿನ ಅಂಶವನ್ನು ಹೊರತೆಗೆಯಬಲ್ಲದು.

ಪರಿವಿಡಿ ಹರಿದುಹೋದಾಗ

ಕಡತದ ಕೊಂಡಿಗಳಷ್ಟೇ ಕೆಟ್ಟಿದ್ದರೆ ಪರಿಹಾರ ಸರಳ. ಬರ್ಕ್ಲಿ ಡಿಬಿಯೊಂದಿಗೆ ಬರುವ ಡಿಬಿ ಡಂಪ್ ಎಂಬ ಸಾಧನಕ್ಕೆ ಕೊಂಡಿಗಳನ್ನು ನಂಬದೆ ಪ್ರತಿ ಪುಟವನ್ನೂ ನೇರವಾಗಿ ಓದಿ ಸಿಕ್ಕಷ್ಟು ದಾಖಲೆಗಳನ್ನು ಹೊರಹಾಕುವ ಸಾಮರ್ಥ್ಯವಿದೆ. ಬಿಟ್‌ಕಾಯಿನ್ ಕೋರ್ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ 'ಸಾಲ್ವೇಜ್' ಎಂಬ ಹೆಸರಿನಲ್ಲಿರುವ ಸೌಲಭ್ಯವೂ ಇದೇ ಕೆಲಸವನ್ನು ಮಾಡಿ, ದೊರೆತ ಕೀಲಿಗಳಿಂದ ಹೊಸ ಕಡತವನ್ನು ಕಟ್ಟುತ್ತದೆ. ವ್ಯವಹಾರಗಳ ದಾಖಲೆಗಳು ಇದರಲ್ಲಿ ಕಳೆದುಹೋದರೂ ನಷ್ಟವಿಲ್ಲ, ಏಕೆಂದರೆ ಕೀಲಿಗಳು ದೊರೆತ ಮೇಲೆ ಬ್ಲಾಕ್‌ಚೈನನ್ನು ಮೊದಲಿನಿಂದ ಮತ್ತೆ ಓದಿಸಿದರೆ ವ್ಯವಹಾರಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ಪುಟಗಳೇ ಚೂರುಚೂರಾಗಿದ್ದರೆ, ಅಥವಾ ಕಡತವನ್ನು ಅಳಿಸಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದರೆ, ಕಡತ ಎಂಬ ಕಲ್ಪನೆಯನ್ನೇ ಬಿಟ್ಟು ಡಿಸ್ಕಿನ ಉದ್ದಗಲಕ್ಕೂ ಕೀಲಿಯ ಗುರುತನ್ನು ಹುಡುಕಬೇಕಾಗುತ್ತದೆ. ಹಳೆಯ ಬಿಟ್‌ಕಾಯಿನ್ ತಂತ್ರಾಂಶದ ಬರವಣಿಗೆಯ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಪಾಸ್‌ವರ್ಡ್ ಇಲ್ಲದ ವಾಲೆಟ್‌ನಲ್ಲಿ ಪ್ರತಿ ಖಾಸಗಿ ಕೀಲಿಯ ಮುಂದೆ 01 01 04 20 ಎಂಬ ನಾಲ್ಕು ಬೈಟ್‌ಗಳು ತಪ್ಪದೆ ಬರುತ್ತವೆ. ಇವುಗಳಲ್ಲಿ ಕೊನೆಯ 20 ಎಂಬುದು ಹದಿನಾರರ ಎಣಿಕೆಯಲ್ಲಿ 32ನ್ನು ಸೂಚಿಸುವುದರಿಂದ, ಮುಂದಿನ 32 ಬೈಟ್‌ಗಳು ರಹಸ್ಯ ಸಂಖ್ಯೆ ಎಂಬ ಸೂಚನೆ ಅದರಲ್ಲೇ ಅಡಗಿದೆ. ಪೈವಾಲೆಟ್ ಮುಂತಾದ ಮುಕ್ತ ತಂತ್ರಾಂಶಗಳು ಡಿಸ್ಕಿನಲ್ಲಿ ಇಂಥ ಗುರುತುಗಳನ್ನು ಹುಡುಕಿ, ಅವುಗಳ ಬೆನ್ನಿಗಿರುವ ಬೈಟ್‌ಗಳನ್ನು ಎತ್ತಿಕೊಳ್ಳುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ 2012ಕ್ಕೆ ಹಿಂದಿನ ವಾಲೆಟ್‌ಗಳಲ್ಲಿ ಒಂದು ಕೀಲಿಯ ದಾಖಲೆ 279 ಬೈಟ್‌ಗಳಷ್ಟಿದ್ದು, ಅದರಲ್ಲಿ ರಹಸ್ಯವಾದದ್ದು 32 ಬೈಟ್ ಮಾತ್ರ. ಉಳಿದ 247 ಬೈಟ್‌ಗಳು ಎಲ್ಲ ಕೀಲಿಗಳಿಗೂ ಸಮಾನವಾದ ಗಣಿತದ ಸ್ಥಿರಾಂಕಗಳು ಅಥವಾ ರಹಸ್ಯದಿಂದ ಲೆಕ್ಕಹಾಕಿ ಪಡೆಯಬಹುದಾದ ಅಂಶಗಳು. ಹಾನಿಯು ಆ 247ರ ಮೇಲೆ ಬಿದ್ದಿದ್ದರೆ ಕೀಲಿಗೆ ಏನೂ ಆಗಿರುವುದಿಲ್ಲ.

ಕೀಲಿಯೇ ಕೆಟ್ಟಾಗ

ಹಾನಿಯು ರಹಸ್ಯ ಸಂಖ್ಯೆಗೇ ತಗುಲಿದ್ದರೂ ಎಲ್ಲವೂ ಮುಗಿಯಿತೆಂದಲ್ಲ. ಖಾಸಗಿ ಕೀಲಿಯಿಂದ ಸಾರ್ವಜನಿಕ ಕೀಲಿ ಎಂಬ ಮತ್ತೊಂದು ಸಂಖ್ಯೆಯನ್ನು ಲೆಕ್ಕಹಾಕುವುದು ಸುಲಭ, ಆದರೆ ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಪಡೆಯುವುದು ಅಸಾಧ್ಯವೆನ್ನುವಷ್ಟು ಕಠಿಣ. ಬಿಟ್‌ಕಾಯಿನ್ನಿನ ಭದ್ರತೆ ನಿಂತಿರುವುದು ಈ ಏಕಮುಖ ಸಂಬಂಧದ ಮೇಲೆ. ವಾಲೆಟ್ ಕಡತದಲ್ಲಿ ಖಾಸಗಿ ಕೀಲಿಯ ಜೊತೆಯಲ್ಲೇ ಸಾರ್ವಜನಿಕ ಕೀಲಿಯೂ ದಾಖಲಾಗಿರುವುದರಿಂದ ಊಹೆಯ ಪ್ರತಿಯೊಂದು ತಿದ್ದುಪಡಿಯನ್ನೂ ಅದರೊಂದಿಗೆ ತಾಳೆ ನೋಡಬಹುದು.

ಉದಾಹರಣೆಗೆ 256 ಬಿಟ್‌ಗಳಲ್ಲಿ ಯಾವುದೋ ಒಂದು ಬಿಟ್ ಮಾತ್ರ ತಿರುಗಿಹೋಗಿದ್ದರೆ, ಒಂದೊಂದನ್ನೇ ಮರಳಿ ತಿರುಗಿಸಿ ನೋಡಲು 256 ಪ್ರಯತ್ನಗಳು ಸಾಕು; ಎರಡು ಬಿಟ್‌ಗಳು ಕೆಟ್ಟಿದ್ದರೆ 32,640 ಪ್ರಯತ್ನಗಳು ಬೇಕು. ಎಲ್ಲಿದೆಯೆಂದು ತಿಳಿಯದ ಒಂದು ಇಡೀ ಬೈಟ್ ತಪ್ಪಾಗಿದ್ದರೆ 8,160 ಪ್ರಯತ್ನಗಳು, ಅಂಥ ಎರಡು ಬೈಟ್‌ಗಳಾದರೆ ಸುಮಾರು 3.2 ಕೋಟಿ, ಇದೂ ಮನೆಯ ಕಂಪ್ಯೂಟರ್ ಕೆಲವು ಗಂಟೆಗಳಲ್ಲಿ ಮಾಡಿ ಮುಗಿಸಬಲ್ಲ ಕೆಲಸ. ಸ್ಥಾನ ಗೊತ್ತಿರುವ ನಾಲ್ಕು ಬೈಟ್‌ಗಳು ಪೂರ್ತಿ ಅಳಿಸಿಹೋಗಿದ್ದರೆ ಸುಮಾರು 429 ಕೋಟಿ ಸಾಧ್ಯತೆಗಳಾಗುತ್ತವೆ, ಅದೂ ಕೈಗೆಟುಕುವಂಥದ್ದೇ. ಇಲ್ಲಿಂದ ಮುಂದೆ ಕಳೆದ ಪ್ರತಿ ಬೈಟಿಗೂ ಸಾಧ್ಯತೆಗಳು 256 ಪಟ್ಟು ಏರುತ್ತ ಹೋಗುವುದರಿಂದ, ಅರ್ಧ ಕೀಲಿ ಕಳೆದವನಿಗೆ ಗಣಿತದ ಒಳದಾರಿಗಳನ್ನು ಬಳಸಿದರೂ ತಗಲುವ ವೆಚ್ಚ ಒಬ್ಬ ವ್ಯಕ್ತಿಯ ಶಕ್ತಿಗೆ ಮೀರಿದ್ದು, ಮತ್ತು ಪೂರ್ಣ ಕೀಲಿ ಕಳೆದವನಿಗೆ ಯಾವ ಕಂಪ್ಯೂಟರೂ ನೆರವಾಗದು.

ಪಾಸ್‌ವರ್ಡ್ ಇರುವ ವಾಲೆಟ್

2011ರ ಸೆಪ್ಟೆಂಬರಿನಲ್ಲಿ ಬಂದ 0.4.0 ಆವೃತ್ತಿಯಿಂದ ವಾಲೆಟ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡುವ, ಎಂದರೆ ಕೀಲಿಗಳನ್ನು ಗೂಢಲಿಪಿಯಲ್ಲಿ ಬರೆದಿಡುವ ಸೌಲಭ್ಯ ಸೇರಿಕೊಂಡಿತು. ಪಾಸ್‌ವರ್ಡ್ ನೇರವಾಗಿ ಕೀಲಿಗಳನ್ನು ಮುಚ್ಚುವುದಿಲ್ಲ. ತಂತ್ರಾಂಶವು ಒಂದು ಯಾದೃಚ್ಛಿಕ ಮೂಲ ಕೀಲಿಯನ್ನು ಸೃಷ್ಟಿಸಿ ಅದರಿಂದ ಎಲ್ಲ ಖಾಸಗಿ ಕೀಲಿಗಳನ್ನೂ ಗೂಢಗೊಳಿಸಿ, ಆ ಮೂಲ ಕೀಲಿಯನ್ನು ಮಾತ್ರ ಪಾಸ್‌ವರ್ಡ್‌ನಿಂದ ಮುಚ್ಚಿ ಎಂಕೀ ದಾಖಲೆಯಲ್ಲಿ ಇಡುತ್ತದೆ. ಪಾಸ್‌ವರ್ಡನ್ನು ಕನಿಷ್ಠ 25,000 ಬಾರಿ ಎಸ್‌ಎಚ್‌ಎ-512 ಎಂಬ ಲೆಕ್ಕದ ಮೂಲಕ ಹಾಯಿಸುವುದರಿಂದ ಊಹೆಯಿಂದ ಪಾಸ್‌ವರ್ಡ್ ಕಂಡುಹಿಡಿಯುವವರ ವೇಗ ಕುಗ್ಗುತ್ತದೆ.

ಇದರ ಫಲವಾಗಿ ಹಾನಿಯ ಪರಿಣಾಮವೂ ಬದಲಾಗುತ್ತದೆ. ಒಂದು ಸಿಕೀ ದಾಖಲೆ ಕೆಟ್ಟರೆ ಹೋಗುವುದು ಒಂದು ವಿಳಾಸದ ಹಣ. ಎಂಕೀ ದಾಖಲೆ ಕೆಟ್ಟರೆ ಪಾಸ್‌ವರ್ಡ್ ಬಾಯಿಪಾಠವಿದ್ದರೂ ಇಡೀ ವಾಲೆಟ್ ಹೋಗುತ್ತದೆ. ಆದ್ದರಿಂದ ಹುಡುಕಾಟದಲ್ಲಿ ಎಂಕೀ ದಾಖಲೆಗೆ ಮೊದಲ ಸ್ಥಾನ. ಹಳೆಯ ಪೆನ್‌ಡ್ರೈವಿನಲ್ಲೋ ಸಿ.ಡಿ.ಯಲ್ಲೋ ಇರುವ, ಎನ್‌ಕ್ರಿಪ್ಟ್ ಮಾಡಿದ ನಂತರದ ಯಾವುದೇ ಹಳೆಯ ಪ್ರತಿಯಲ್ಲಿ ಅದೇ ಮೂಲ ಕೀಲಿ ಇರುವುದರಿಂದ, ಆ ಪ್ರತಿಯಲ್ಲಿ ಹೊಸ ವಿಳಾಸಗಳು ಇಲ್ಲದಿದ್ದರೂ ಅದರ ಎಂಕೀಯನ್ನು ಎರವಲು ಪಡೆದು ಹೊಸ ಕಡತದ ಕೀಲಿಗಳನ್ನು ತೆರೆಯಬಹುದು. ನಡುವೆ ಪಾಸ್‌ವರ್ಡ್ ಬದಲಿಸಿದ್ದರೆ ಹಳೆಯ ಪಾಸ್‌ವರ್ಡ್ ನೆನಪಿರಬೇಕು, ಅಷ್ಟೆ. ಇನ್ನೊಂದು ವಿಚಿತ್ರ ಅನುಕೂಲವೂ ಉಂಟು: 0.4.0 ಆವೃತ್ತಿಯ ದೋಷವೊಂದರಿಂದಾಗಿ ಎನ್‌ಕ್ರಿಪ್ಟ್ ಮಾಡಿದ ಮೇಲೂ ಗೂಢಗೊಳಿಸದ ಖಾಸಗಿ ಕೀಲಿಗಳ ಹಳೆಯ ಬೈಟ್‌ಗಳು ಕಡತದ ಖಾಲಿ ಜಾಗಗಳಲ್ಲಿ ಉಳಿದುಬಿಡುತ್ತಿದ್ದವು. ಭದ್ರತೆಯ ದೃಷ್ಟಿಯಿಂದ ಗಂಭೀರವಾಗಿದ್ದ ಈ ದೋಷವನ್ನು ಬೇಗನೆ ಸರಿಪಡಿಸಲಾಯಿತಾದರೂ, ಆ ಕಾಲದ ವಾಲೆಟ್ ಉಳ್ಳವರಿಗೆ ಅದೇ ಈಗ ದಾರಿಯಾಗಬಹುದು.

ಕೆಲವೊಮ್ಮೆ ವಾಲೆಟ್ ಸರಿಯಾಗಿದ್ದು ಪಾಸ್‌ವರ್ಡ್ ಬರೆದಿಟ್ಟ ಕಡತ ಕೆಡುವುದುಂಟು. ಯುರೋಪಿನ ಒಬ್ಬ ವ್ಯಕ್ತಿ 2013ರಲ್ಲಿ ರೋಬೋಫಾರ್ಮ್ ಎಂಬ ತಂತ್ರಾಂಶದಿಂದ 20 ಅಕ್ಷರಗಳ ಪಾಸ್‌ವರ್ಡ್ ಸೃಷ್ಟಿಸಿ, ಅದನ್ನು ಎನ್‌ಕ್ರಿಪ್ಟ್ ಮಾಡಿದ ಕಡತವೊಂದರಲ್ಲಿ ಇಟ್ಟಿದ್ದರು. ಆ ಕಡತ ಹಾಳಾದುದರಿಂದ 43.6 ಬಿಟ್‌ಕಾಯಿನ್ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ಅಮೆರಿಕದ ಹಾರ್ಡ್‌ವೇರ್ ತಜ್ಞ ಜೋ ಗ್ರ್ಯಾಂಡ್ ಮತ್ತು ಅವರ ಸಹೋದ್ಯೋಗಿ ಆ ತಂತ್ರಾಂಶದ ಹಳೆಯ ಆವೃತ್ತಿಯು ಕಂಪ್ಯೂಟರಿನ ದಿನಾಂಕ ಮತ್ತು ಸಮಯವನ್ನೇ ಆಧರಿಸಿ ಪಾಸ್‌ವರ್ಡ್ ರಚಿಸುತ್ತಿತ್ತೆಂದು ಕಂಡುಕೊಂಡು, ಆ ವರ್ಷದ ಕೆಲವು ತಿಂಗಳುಗಳಲ್ಲಿ ಹುಟ್ಟಬಹುದಾಗಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಮತ್ತೆ ಸೃಷ್ಟಿಸಿ ನೋಡಿದಾಗ ಸರಿಯಾದದ್ದು ದೊರೆಯಿತು. ವಾಲೆಟ್‌ನ ಗೂಢಲಿಪಿಯನ್ನು ಇಲ್ಲಿ ಯಾರೂ ಭೇದಿಸಲಿಲ್ಲ. ಪಾಸ್‌ವರ್ಡ್ ಸೃಷ್ಟಿಯಲ್ಲಿದ್ದ ದೌರ್ಬಲ್ಯವೇ ಸಾಧ್ಯತೆಗಳ ಸಂಖ್ಯೆಯನ್ನು ಎಣಿಕೆಗೆ ಸಿಗುವಷ್ಟಕ್ಕೆ ಇಳಿಸಿತು.

ಯಾರ ಕೈಗೆ ಏನನ್ನು ಕೊಡಬೇಕು

ಈ ಕ್ಷೇತ್ರದಲ್ಲಿ ನಿಜವಾದ ಪರಿಣತರ ಜೊತೆಗೆ ವಂಚಕರೂ ಇದ್ದಾರೆ. ಕಡತ ಸರಿಪಡಿಸಿಕೊಡುವ ನೆಪದಲ್ಲಿ ಮುಂಗಡ ಹಣ ಪಡೆದು ಕಣ್ಮರೆಯಾಗುವವರು, ಕೀಲಿಯನ್ನೇ ಕೇಳಿ ಪಡೆದು ಹಣವನ್ನು ತಮ್ಮ ವಿಳಾಸಕ್ಕೆ ಸಾಗಿಸುವವರು, ಸಿರಿವಂತರ ವಿಳಾಸಗಳನ್ನು ಕೃತಕವಾಗಿ ಸೇರಿಸಿದ ಸುಳ್ಳು ವಾಲೆಟ್ ಕಡತಗಳನ್ನು 'ಪಾಸ್‌ವರ್ಡ್ ಮರೆತ ನಿಧಿ' ಎಂದು ಮಾರುವವರು ಅವರಲ್ಲಿ ಸೇರಿದ್ದಾರೆ. ಪಾಸ್‌ವರ್ಡ್ ಮರೆತವರಿಗೆ ಒಂದು ರಕ್ಷಣೆಯಿದೆ. ಬಿಟಿಸಿರಿಕವರ್ ಎಂಬ ಮುಕ್ತ ತಂತ್ರಾಂಶದೊಂದಿಗೆ ಬರುವ ಉಪಕರಣವು ವಾಲೆಟ್‌ನಿಂದ ಮೂಲ ಕೀಲಿಯ ಗೂಢರೂಪದ ಒಂದು ಭಾಗವನ್ನಷ್ಟೇ ಪ್ರತ್ಯೇಕಿಸಿ ಕೊಡುತ್ತದೆ. ಆ ಭಾಗದಿಂದ ಪಾಸ್‌ವರ್ಡ್ ಸರಿಯೇ ಎಂದು ಪರೀಕ್ಷಿಸಬಹುದು, ಆದರೆ ಕಡತ ಕೈಯಲ್ಲಿಲ್ಲದೆ ಹಣವನ್ನು ಮುಟ್ಟಲಾಗದು. ಹೊರಗಿನವರ ನೆರವು ಬೇಕಾದಾಗ ಇಡೀ ಕಡತದ ಬದಲು ಇದನ್ನು ಮಾತ್ರ ಒಪ್ಪಿಸುವುದು ವಿವೇಕ. ಕೀಲಿ ದೊರೆತ ಮೇಲೆ ಹಳೆಯ ವಿಳಾಸವನ್ನೇ ಬಳಸುತ್ತ ಕೂರದೆ, ಹೊಸದಾಗಿ ಸೃಷ್ಟಿಸಿದ ವಾಲೆಟ್‌ಗೆ ಪೂರ್ಣ ಮೊತ್ತವನ್ನು ವರ್ಗಾಯಿಸಿಬಿಡಬೇಕು, ಏಕೆಂದರೆ ಹುಡುಕಾಟದ ಅವಧಿಯಲ್ಲಿ ಆ ಕೀಲಿ ಎಷ್ಟು ಕಂಪ್ಯೂಟರುಗಳ ಮೂಲಕ ಹಾದುಹೋಗಿದೆ ಎಂದು ಖಚಿತವಾಗಿ ಹೇಳಲಾಗದು.

ಬ್ಯಾಕಪ್ಪಿನ ಲೆಕ್ಕ

ಆರಂಭದ ವಾಲೆಟ್‌ಗಳು ಮುಂಚಿತವಾಗಿ 100 ಕೀಲಿಗಳನ್ನು ಸಿದ್ಧಮಾಡಿಟ್ಟು, ಪ್ರತಿ ಪಾವತಿಯ ಚಿಲ್ಲರೆಯನ್ನೂ ಹೊಸ ಕೀಲಿಗೆ ಜಮಾ ಮಾಡುತ್ತಿದ್ದುದರಿಂದ, ಹಳೆಯ ಬ್ಯಾಕಪ್ ಕೆಲಕಾಲದ ನಂತರ ಅಪೂರ್ಣವಾಗುತ್ತಿತ್ತು. 2016ರ 0.13.0 ಆವೃತ್ತಿಯಿಂದ ಎಲ್ಲ ಕೀಲಿಗಳೂ ಒಂದೇ ಬೀಜಸಂಖ್ಯೆಯಿಂದ ಹುಟ್ಟುವ ಕ್ರಮ ಬಂದು ಈ ತೊಡಕು ನೀಗಿತು. ಇತರ ಅನೇಕ ವಾಲೆಟ್‌ಗಳು ಅಂಥ ಬೀಜವನ್ನು 2048 ಪದಗಳ ನಿಗದಿತ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಾಗಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಲು ಅನುವು ಮಾಡಿಕೊಡುತ್ತವೆ. ಪಟ್ಟಿಯಲ್ಲಿ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರಗಳೂ ಒಂದೇ ಆಗಿರದ ಕಾರಣ ಅರ್ಧ ಅಳಿಸಿದ ಪದವನ್ನೂ ಗುರುತಿಸಬಹುದು. ಆದರೂ ಬಿಟ್‌ಕಾಯಿನ್ ಕೋರ್ ಬಳಸುವವರು ಒಂದನ್ನು ನೆನಪಿಡಬೇಕು: ವಾಲೆಟ್‌ಗೆ ಮೊದಲ ಬಾರಿ ಪಾಸ್‌ವರ್ಡ್ ಹಾಕಿದಾಗ ತಂತ್ರಾಂಶವು ಹೊಸ ಬೀಜವನ್ನು ಸೃಷ್ಟಿಸುವುದರಿಂದ, ಅದಕ್ಕೂ ಮುನ್ನ ತೆಗೆದ ಬ್ಯಾಕಪ್ಪಿನಲ್ಲಿ ಆಮೇಲಿನ ವಿಳಾಸಗಳ ಕೀಲಿಗಳು ಇರುವುದಿಲ್ಲ. ಪಾಸ್‌ವರ್ಡ್ ಹಾಕಿದ ದಿನವೇ ತಂತ್ರಾಂಶದ ಬ್ಯಾಕಪ್ ಆಜ್ಞೆಯಿಂದ ಹೊಸ ಪ್ರತಿ ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿದವರಿಗೆ ಮೇಲೆ ಹೇಳಿದ ಹುಡುಕಾಟದ ಅಗತ್ಯವೇ ಬೀಳದು.