ದೇವಿ, ಆಕಳು, ಲಸಿಕೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಹಿರಿಯರು ತಮ್ಮ ತೋಳಿನ ಮೇಲಿನ ದುಂಡನೆಯ ಕಲೆಯನ್ನು ತೋರಿಸಿ, ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಗುರುತೆಂದು ಹೇಳುವದನ್ನು ವಾಚಕರು ಕೇಳಿರಬಹುದು. ಈಗಿನ ಕೂಸುಗಳಿಗೆ ಹಾಕಿಸುವದನ್ನು ನಾವು ಲಸಿಕೆಯೆನ್ನುತ್ತೇವೆ; ದವಾಖಾನೆಯಲ್ಲಿ ಅದನ್ನೇ ವ್ಯಾಕ್ಸಿನ್ ಎನ್ನುವರು. ಈ ಮೂರು ಹೆಸರುಗಳ ಹುಟ್ಟನ್ನು ತುಸು ವಿಚಾರಿಸೋಣ.

ಸಿಡುಬನ್ನು ನಮ್ಮ ಹಿರಿಯರು ಬರಿಯ ರೋಗವೆಂದು ಎಣಿಸದೆ, ದೇವಿಯೇ ಮೈಮೇಲೆ ಬಂದಳೆಂದು ನಂಬಿದ್ದರು. ಮರಾಠಿಯಲ್ಲಿಯೂ ಸಿಡುಬಿಗೆ ದೇವಿಯೆಂದೇ ಹೆಸರು. 1948ರ ವರೆಗೆ ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳಿದ್ದರಿಂದ, ಈ ಸೀಮೆಯಲ್ಲಿ ಎರಡೂ ಭಾಷೆಗಳಿಗೆ ಬಳಕೆಯಿತ್ತು. ಕಡೆಗೆ ಬೇನೆಯ ಹೆಸರೇ ಅದನ್ನು ತಡೆಯುವ ಮದ್ದಿಗೂ ಅಂಟಿತು. ದೇವಿಯನ್ನು ತಡೆಯಬಹುದೆ, ಕೂಸಿನ ಮೈಗೆ ನಾವಾಗಿಯೇ ಬೇನೆ ಹಚ್ಚುವದುಂಟೆ ಎಂದು ಎಷ್ಟೋ ತಾಯಂದಿರು ಅಂಜಿದುದರಲ್ಲಿ ಆಶ್ಚರ್ಯವಿಲ್ಲ.

ವ್ಯಾಕ್ಸಿನ್ ಎಂಬುದರ ಮೂಲ ಲ್ಯಾಟಿನ್ ಭಾಷೆಯ 'ವಾಕ್ಕಾ', ಎಂದರೆ ಆಕಳು. ಇಂಗ್ಲಂಡದಲ್ಲಿ ಹಾಲು ಕರೆಯುವವರ ಕೈಗೆ ಆಕಳ ಕೆಚ್ಚಲಿನಿಂದ ಸೌಮ್ಯವಾದ ಗೋಸಿಡುಬು ತಗಲುತ್ತಿತ್ತು. ಅಂಥವರಿಗೆ ಸಿಡುಬು ಬಾರದೆಂದು ಹಳ್ಳಿಯ ಜನ ಹೇಳುತ್ತಿದ್ದರು. ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು 1796ರ ಮೇ 14ರಂದು ಗೋಸಿಡುಬಿನ ನೀರನ್ನು ಎಂಟು ವರ್ಷದ ಹುಡುಗನ ತೋಳಿಗೆ ಹಚ್ಚಿ ಆ ಮಾತನ್ನು ಪರೀಕ್ಷಿಸಿದನು. 1798ರ ಗ್ರಂಥದಲ್ಲಿ ಆ ಬೇನೆಯನ್ನು 'ಆಕಳ ಸಿಡುಬು' ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದನು. ಮುಂದೆ 1881ರಲ್ಲಿ ಲೂಯಿ ಪಾಶ್ಚರನು ಜೆನ್ನರನ ಗೌರವಾರ್ಥವಾಗಿ, ಬೇರೆ ರೋಗಗಳನ್ನು ತಡೆಯುವ ಇಂಥ ಮದ್ದುಗಳಿಗೂ ಅದೇ ಹೆಸರು ಸಲ್ಲಲೆಂದನು. ಹಿಂದಿನ ಮುಂಬಯಿ ಪ್ರಾಂತದ ಸಲುವಾಗಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಬೆಳಗಾವಿಯ ಸ್ಥಳಕ್ಕೆ ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಹೆಸರುಂಟು.

ಇನ್ನು ಲಸಿಕೆ. ಇದು ಸಂಸ್ಕೃತದ 'ಲಸೀಕಾ'. ಆಯುರ್ವೇದದಲ್ಲಿ ಅದು ಶರೀರದೊಳಗಿನ ತಿಳಿಯಾದ ದ್ರವ. ಚರಕಸಂಹಿತೆಯು ಕುಷ್ಠವನ್ನು ವಿವರಿಸುವಾಗ ತ್ವಚೆ, ಮಾಂಸ, ರಕ್ತಗಳ ಜೊತೆಗೆ ಅದನ್ನು ಹೇಳುತ್ತದೆ. ಮೊದಲಿನ ಮದ್ದು ಬೊಕ್ಕೆಯೊಳಗಿನ ನೀರೇ ಆಗಿದ್ದುದರಿಂದ ಈ ಹೆಸರು ಚೆನ್ನಾಗಿ ಒಪ್ಪಿತು.

ಸಿಡುಬು ಭೂಮಿಯಿಂದ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ದೇವಿ ಹಾಕುವದೂ ನಿಂತಿತು. ಆದರೆ ಅಂಜಿಕೆ ಪೂರ್ತಿ ಹೋಗಿಲ್ಲ. ಲಸಿಕೆ ಹಾಕಿಸಿದ ರಾತ್ರಿ ಕೂಸಿನ ಮೈ ತುಸು ಬೆಚ್ಚಗಾದರೆ, ಮುಂದಿನ ಸರತಿಯೇ ಬೇಡವೆನ್ನುವ ಮನೆಗಳಿವೆ. ಅಂಥಲ್ಲಿ ಮನೆಯ ಅಜ್ಜಿಯನ್ನು ಕರೆದು, ಆಕೆಯ ತೋಳಿನ ಕಲೆಯ ಕಥೆಯನ್ನು ಸೊಸೆಗೆ ಹೇಳಿಸಿರಿ. ಅಂಜುತ್ತಲೇ ಕೂಸಿನ ತೋಳು ಒಡ್ಡಿದ ತಾಯಿಯೊಬ್ಬಳ ಧೈರ್ಯ ಆ ಕಲೆಯಲ್ಲಿದೆ.